ಆ ಲೆನ್ಸ್ ಯಾರಿಗೆ ಅನಿವಾರ್ಯ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಎರಡು ವಾರಗಳ ಹಿಂದೆ ನಿಮ್ಮ ಪುರವಣಿಯಲ್ಲಿ ಮದುವೆ ಛಾಯಾಗ್ರಹಣ ಕುರಿತು ಬಂದ ಲೇಖನವನ್ನು ಮೂರು ಸಲ ಓದಿದೆ. ಬರೆದವರು ವಿಷಯ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಆದರೆ 24-70 ಮಿ.ಮೀ. ಎಫ್/2.8 ಜೂಮ್ ಲೆನ್ಸ್ ಇಂದಿನ ವೃತ್ತಿಪರರಿಗೆ ಅನಿವಾರ್ಯ ಎಂಬ ಒಂದು ಸಾಲು ನನ್ನನ್ನು ಬಿಡದೆ ಕಾಡಿತು. ಪುರವಣಿ ಬಂದ ದಿನವೇ ನಮ್ಮೂರಿನ ಇಬ್ಬರು ಹುಡುಗರು ಆ ಪುಟವನ್ನು ಮೊಬೈಲಿನಲ್ಲಿ ಸೆರೆಹಿಡಿದುಕೊಂಡು ನನ್ನ ಸ್ಟುಡಿಯೊಗೆ ಬಂದರು. ‘ಪೇಪರಿನಲ್ಲೇ ಬಂದಿದೆ ಕಾಕಾ, ಇನ್ನು ತೆಗೆದುಕೊಳ್ಳಲೇಬೇಕಲ್ಲ’ ಎಂದರು. ಅದೇ ಲೆನ್ಸನ್ನು ಕೊಳ್ಳಬೇಕೋ ಬೇಡವೋ ಎಂದು ಒಂದು ವರ್ಷದಿಂದ ಲೆಕ್ಕ ಹಾಕುತ್ತಿದ್ದವನು ನಾನು. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ನಮ್ಮಂಥವರ ಒಂದು ವರ್ಷದ ಗಳಿಕೆಯ ವಿಷಯವಾದ್ದರಿಂದ ದಯವಿಟ್ಟು ಪೂರ್ತಿ ಪ್ರಕಟಿಸಿ.

ನಾನು ಗುಳೇದಗುಡ್ಡದವನು. ನಮ್ಮ ತಂದೆ ಖಣ ನೇಯುತ್ತಿದ್ದರು. ಮಗ್ಗದ ಕೆಲಸ ನನ್ನ ಕೈಗೆ ಹತ್ತಲಿಲ್ಲ. ಬಾಗಲಕೋಟೆ ಹೊಸ ಜಿಲ್ಲೆಯಾದ 1997ರಲ್ಲಿ ಬಜಾರಿನಲ್ಲಿ ಒಂದು ಕೋಣೆ ಹಿಡಿದು ಸ್ಟುಡಿಯೊ ತೆರೆದೆ. ಫಿಲ್ಮ್ ತೊಳೆದಿದ್ದೇನೆ, ಗುರುತಿನ ಚೀಟಿಯ ಫೋಟೊ ತೆಗೆದಿದ್ದೇನೆ, ತಾಯಂದಿರ ಮದುವೆಗೆ ಹೋಗಿ ಈಗ ಅವರ ಮಕ್ಕಳ ಮದುವೆಗೂ ಹೋಗುತ್ತಿದ್ದೇನೆ. ನನ್ನ ಬಳಿ ಇರುವುದು ಕ್ಯಾನನ್ 6ಡಿ ಕ್ಯಾಮೆರಾ ಮತ್ತು 24-105 ಮಿ.ಮೀ. ಎಫ್/4 ಲೆನ್ಸ್. ಆ ಕ್ಯಾಮೆರಾ 2012ರಲ್ಲಿ ಮಾರುಕಟ್ಟೆಗೆ ಬಂದದ್ದು, ಆ ಲೆನ್ಸ್ 2005ರಲ್ಲಿ. ಎರಡೂ ಈವರೆಗೆ ನನ್ನ ಮನೆ ನಡೆಸಿವೆ.

ಈ ವೃತ್ತಿಯ ಹೊರಗಿನ ಓದುಗರಿಗಾಗಿ ಆ ಅಂಕಿಗಳ ಅರ್ಥ ಹೇಳಿಬಿಡುತ್ತೇನೆ. 24 ಎಂದರೆ ಇಡೀ ಪಡಸಾಲೆ ಚೌಕಟ್ಟಿನೊಳಗೆ ಕೂರುವಷ್ಟು ಅಗಲದ ನೋಟ. 70 ಎಂದರೆ ಗುಂಪಿನ ನಡುವಿನಿಂದ ಒಬ್ಬರನ್ನು ಎದೆಮಟ್ಟಕ್ಕೆ ಎತ್ತಿಕೊಳ್ಳುವ ನೋಟ. ನಿಂತ ಜಾಗ ಬಿಡದೆ, ಲೆನ್ಸ್ ಬದಲಿಸದೆ ಇವೆರಡರ ನಡುವೆ ಓಡಾಡಬಹುದು. ಸುರಗಿ ನೀರಿನ ಶಾಸ್ತ್ರ ಕಂಡವರಿಗೆ ಇದರ ಬೆಲೆ ಗೊತ್ತು. ನಾಲ್ಕು ಮೂಲೆಗೆ ನಾಲ್ಕು ಚೊಂಬು, ಅವಕ್ಕೆ ಸುತ್ತಿದ ನೂಲು, ಒಳಗೆ ಮದುಮಕ್ಕಳು, ಸುತ್ತ ಮುತ್ತೈದೆಯರು, ಅವರ ಬೆನ್ನಿಗೆ ಗೋಡೆ. ಛಾಯಾಗ್ರಾಹಕನಿಗೆ ಉಳಿಯುವುದು ಹೊಸ್ತಿಲು ಮಾತ್ರ. ಅಲ್ಲಿಂದಲೇ ನೀರು ಹಾಕುವ ಕೈಗಳೂ ಬರಬೇಕು, ತಲೆಯ ಮೇಲೆ ನೀರು ಬಿದ್ದಾಗ ಉಸಿರು ಹಿಡಿದ ಮದುಮಗಳ ಮುಖವೂ ಬರಬೇಕು.

ಇನ್ನು ಎಫ್/2.8. ಈ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. 70 ಮಿ.ಮೀ.ನಲ್ಲಿ ಎಫ್/2.8 ಎಂದರೆ 25 ಮಿ.ಮೀ. ಅಗಲದ ಕಿಂಡಿ, ಎಫ್/4 ಎಂದರೆ ಹದಿನೇಳೂವರೆ. ಕಿಂಡಿಯ ಅಗಲ ಇಷ್ಟೇ ಹೆಚ್ಚಿದರೂ ಒಳಗೆ ಬರುವ ಬೆಳಕು ಎರಡರಷ್ಟಾಗುತ್ತದೆ. ಕ್ಯಾಮೆರಾದ ಜೊತೆಗೇ ಕೊಡುವ ಅಗ್ಗದ ಜೂಮ್ ಲೆನ್ಸುಗಳು ಉದ್ದಕ್ಕೆ ಚಾಚಿದಾಗ ಎಫ್/5.6ಕ್ಕೆ ಇಳಿಯುತ್ತವೆ, ಅಂದರೆ ಎಫ್/2.8ರ ಕಾಲು ಭಾಗ ಬೆಳಕು. ಎಫ್/2.8ರ ಪೂರ್ತಿ ಬೆಳಕನ್ನು 24ರಿಂದ 70ರವರೆಗೆ ಒಂದೇ ಸಮನೆ ಕೊಡಬೇಕಾದರೆ ದೊಡ್ಡ ಗಾಜುಗಳು ಬೇಕು, ಅವನ್ನು ಕೂದಲೆಳೆಯಷ್ಟೂ ತಪ್ಪದಂತೆ ಜೋಡಿಸಬೇಕು. ಅದರಿಂದಲೇ ತೂಕ, ಅದರಿಂದಲೇ ಬೆಲೆ. ಆಸೆಯೇನೂ ಹೊಸದಲ್ಲ. 35 ಮಿ.ಮೀ. ಫಿಲ್ಮಿನ ಸ್ಟಿಲ್ ಕ್ಯಾಮೆರಾಗಳಿಗೆಂದು 1959ರಲ್ಲಿ ಮೊತ್ತಮೊದಲು ಮಾರಾಟಕ್ಕೆ ಬಂದ ಜೂಮ್ ಲೆನ್ಸ್, ಜರ್ಮನಿಯ ಫಾಯ್ಕ್ಟ್‌ಲೆಂಡರ್ ಕಂಪನಿಯ ಜೂಮಾರ್, ಅದೂ 36-82 ಮಿ.ಮೀ. ಎಫ್/2.8 ಆಗಿತ್ತು. ಅಗಲವೂ ಬೇಕು, ಹತ್ತಿರವೂ ಬೇಕು, ಕತ್ತಲಲ್ಲೂ ನಡೆಯಬೇಕು ಎಂದು ನಮ್ಮ ಹಿಂದಿನವರೂ ಬಯಸಿದ್ದರು.

ಇಂದು ಒಳಗೆ ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳ ಇಂಥ ಲೆನ್ಸ್ ಒಂದಕ್ಕೆ ಎರಡು ಲಕ್ಷದ ಆಸುಪಾಸು ಹೇಳುತ್ತಾರೆ. ಸ್ಟುಡಿಯೊ ಗೋಡೆಗೆ ಸುಣ್ಣ ಬಳಿಸಲು ಎರಡು ವರ್ಷ ಯೋಚಿಸುವ ನಮಗೆ ಅದು ಏನು ಮೊತ್ತ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಕೊಳ್ಳುತ್ತಿದ್ದೇವೆ. ಕಾರಣವೂ ಇದೆ. ಮೊದಲು ಮದುವೆಯ ಮನೆಯವರು ಬಂದರೆ ‘ಎಷ್ಟು ಫೋಟೊ, ಎಷ್ಟು ಪುಟ’ ಎಂದು ಕೇಳುತ್ತಿದ್ದರು. ಈಗ ಮದುಮಗನೇ ಬಂದು ‘ಯಾವ ಬಾಡಿ, ಯಾವ ಲೆನ್ಸ್’ ಎಂದು ಕೇಳುತ್ತಾನೆ. ಎಫ್/4 ಎಂದ ಕೂಡಲೇ ಮುಖ ಸಪ್ಪಗಾಗುವುದನ್ನು ನಾನೇ ಕಂಡಿದ್ದೇನೆ.

ನನ್ನ ಬಳಿ ನಾಲ್ಕು ವರ್ಷ ಕೆಲಸ ಕಲಿತ ಹುಡುಗನೊಬ್ಬ 2023ರ ಯುಗಾದಿಯ ಹೊತ್ತಿಗೆ ತನ್ನದೇ ಸ್ಟುಡಿಯೊ ತೆರೆದ. ಒಳ್ಳೆಯ ಕಣ್ಣು ಅವನದು. ಮಕ್ಕಳ ಫೋಟೊವನ್ನು ಅವನಷ್ಟು ಚೆನ್ನಾಗಿ ನಾನು ತೆಗೆಯಲಾರೆ. ಅಂಗಡಿಯ ಮೇಜಿನ ಮೇಲೆಯೇ ಸಾಲದ ಕಾಗದಗಳಿಗೆ ಸಹಿ ಹಾಕಿ ಹೊಸ ಕ್ಯಾಮೆರಾ ಮತ್ತು ಎಫ್/2.8 ಜೂಮ್ ಎರಡನ್ನೂ ತಂದ. ತಿಂಗಳ ಕಂತು 14,600 ರೂಪಾಯಿ. ವೈಶಾಖ, ಜ್ಯೇಷ್ಠದಲ್ಲಿ ಮದುವೆಗಳಿದ್ದವು, ಕಂತು ಕಟ್ಟಿದ. ಆಷಾಢ ಬಂತು. ಆ ವರ್ಷ ಆಷಾಢದ ಹಿಂದೆಯೇ ಅಧಿಕ ಶ್ರಾವಣ. ಜೂನ್ ಹತ್ತೊಂಬತ್ತರಿಂದ ಆಗಸ್ಟ್ ಹದಿನಾರರವರೆಗೆ ಮುಹೂರ್ತವೇ ಇಲ್ಲ. ಎರಡು ತಿಂಗಳು ಅವನ ಅಂಗಡಿಗೆ ಬಂದವರು ಪಾಸ್‌ಪೋರ್ಟ್ ಅಳತೆಯ ಫೋಟೊದವರು ಮತ್ತು ಆಧಾರ್ ಜೆರಾಕ್ಸ್‌ನವರು. ನಮ್ಮ ದುಡಿಮೆ ಪಂಚಾಂಗ ನೋಡಿಕೊಂಡು ಬರುತ್ತದೆ, ಕಂತು ಪಂಚಾಂಗ ನೋಡುವುದಿಲ್ಲ. ಮಹಾನವಮಿಗೆ ಆಯುಧ ಪೂಜೆ ಮಾಡಬೇಕಾದ ಲೆನ್ಸನ್ನು ಅವನು ಅದಕ್ಕೂ ಹದಿನೈದು ದಿನ ಮೊದಲೇ ಕೊಟ್ಟ ಬೆಲೆಯ ಅರ್ಧಕ್ಕೆ ಮಾರಿದ. ಈಗ ಬೇರೆಯವರ ಕ್ಯಾಮೆರಾ ಹಿಡಿದು ದಿನಗೂಲಿಗೆ ಹೋಗುತ್ತಾನೆ. ಅನಿವಾರ್ಯ ಎಂಬ ಪದ ಓದಿದಾಗ ನನಗೆ ಮೊದಲು ನೆನಪಾದವನು ಅವನು.

ಹಾಗಾದರೆ ನನಗೆ ಆ ಲೆನ್ಸ್ ಬೇಕೇ? ಅಂಗಡಿಯವರನ್ನು ಕೇಳಿದರೆ ಬೇಕೆನ್ನುತ್ತಾರೆ, ಕೊಂಡವರನ್ನು ಕೇಳಿದರೂ ಬೇಕೆನ್ನುತ್ತಾರೆ. ಮಗಳು ಬಾಗಲಕೋಟೆಯಲ್ಲಿ ಬಿಸಿಎ ಓದುತ್ತಾಳೆ. ‘ನಿಮ್ಮ ಫೋಟೊಗಳನ್ನೇ ಕೇಳೋಣ ಅಪ್ಪಾ’ ಎಂದಳು. ಡಿಜಿಟಲ್ ಚಿತ್ರ ಒಂದೊಂದರ ಒಳಗೂ ಅದನ್ನು ಎಷ್ಟು ಮಿ.ಮೀ.ನಲ್ಲಿ, ಎಷ್ಟು ಕಿಂಡಿ ತೆರೆದು, ಎಷ್ಟು ವೇಗದಲ್ಲಿ ತೆಗೆದದ್ದೆಂದು ಬರೆದಿರುತ್ತದೆ. ಹೋದ ಹಂಗಾಮಿನ 22 ಮದುವೆಗಳಿಂದ ಆಲ್ಬಮ್ಮಿಗೆ ಆಯ್ಕೆಯಾದ 4,180 ಚಿತ್ರಗಳನ್ನು ಅವಳು ಒಂದು ಪಟ್ಟಿಗೆ ಇಳಿಸಿದಳು. ಎರಡು ಭಾನುವಾರ ನಾವಿಬ್ಬರೂ ಅದರ ಮುಂದೆ ಕುಳಿತೆವು.

ಕಂಡದ್ದು ಇದು. ಅರ್ಧಕ್ಕಿಂತ ಹೆಚ್ಚು ಚಿತ್ರಗಳು 24 ಮತ್ತು 40ರ ನಡುವಿನವು. 70ಕ್ಕಿಂತ ಆಚೆ, ಅಂದರೆ ಹೊಸ ಲೆನ್ಸಿನಲ್ಲಿ ಇಲ್ಲದ ಉದ್ದದಲ್ಲಿ ತೆಗೆದವು ಆರರಲ್ಲಿ ಒಂದು ಪಾಲು. ಅವುಗಳಲ್ಲಿ ಬಹುಪಾಲು ಅಕ್ಷತೆಯ ಹೊತ್ತಿನಲ್ಲಿ ತಾಯಿ ತಂದೆಯರ ಮುಖಗಳು. ಕಿಂಡಿಯನ್ನು ಪೂರ್ತಿ ತೆರೆದು, ಅಂದರೆ ಎಫ್/4ರಲ್ಲಿ ತೆಗೆದವು 312 ಮಾತ್ರ. ಉಳಿದವನ್ನೆಲ್ಲ ಫ್ಲ್ಯಾಶ್ ಹಾಕಿ ಎಫ್/5.6ರಲ್ಲೋ ಎಫ್/8ರಲ್ಲೋ ತೆಗೆದಿದ್ದೆ. ಹಾಗೆ ತೆಗೆಯಲೇಬೇಕು. 70 ಮಿ.ಮೀ.ನಲ್ಲಿ ಮೂರು ಮೀಟರ್ ದೂರದಿಂದ ಎಫ್/2.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಒಂದು ಅಡಿಯಷ್ಟೇ. ಮದುಮಗಳ ಬಾಸಿಂಗದ ಮುತ್ತು ಎಣಿಸುವಂತೆ ಬಂದರೆ ಒಂದು ಹೆಜ್ಜೆ ಹಿಂದೆ ನಿಂತ ಸೋದರಮಾವನ ಮುಖ ಮಸುಕು. ನಮ್ಮ ಕಡೆಯ ಆಲ್ಬಮ್ಮಿನಲ್ಲಿ ಸೋದರಮಾವ ಮಸುಕಾದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಮಂಟಪಗಳ ಎಲ್‌ಇಡಿ ದೀಪಗಳದು ಇನ್ನೊಂದು ತೊಡಕು. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಷಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಪರದೆ, ಅದರ ವೇಗವನ್ನು ನೂರರಲ್ಲಿ ಒಂದು ಸೆಕೆಂಡಿಗಿಂತ ಮೇಲೇರಿಸಿದರೆ ಚಿತ್ರದ ಮೇಲೆ ಕಪ್ಪು ಪಟ್ಟೆ ಬೀಳುತ್ತದೆ. ಎಷ್ಟು ದುಬಾರಿಯ ಲೆನ್ಸ್ ಹಾಕಿದರೂ ಆ ಪಟ್ಟೆ ಹೋಗುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಎರಡು ಒಳ್ಳೆಯ ಫ್ಲ್ಯಾಶ್‌ಗಳು. ಅವುಗಳ ಬೆಲೆ ಈ ಲೆನ್ಸಿನ ಒಂದು ಮೂಲೆಗೂ ಸಮವಲ್ಲ. ನಿಮ್ಮ ಲೇಖನದಲ್ಲಿ ಬೆಳಕಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅಲ್ಲಿಗೆ ಮದುವೆಯ ಲೆಕ್ಕ ಮುಗಿಯಿತು. ಮುನ್ನೂರು ಚಿತ್ರ ಇನ್ನಷ್ಟು ಚೆನ್ನಾಗಿ ಬರುತ್ತಿದ್ದವು ಎಂಬ ಕಾರಣಕ್ಕೆ ಎರಡು ಲಕ್ಷ ಸಾಲ ಮಾಡುವುದು ನನಗೆ ಸರಿ ಕಾಣಲಿಲ್ಲ. ಆದರೂ ಆಸೆ ಹೋಗಲಿಲ್ಲ. ಅದರ ಬೇರು ಮದುವೆಯಲ್ಲಿ ಇರಲಿಲ್ಲ, ಬನಶಂಕರಿಯ ಜಾತ್ರೆಯಲ್ಲಿ ಇತ್ತು.

ಬನದ ಹುಣ್ಣಿಮೆಗೆ ಬಾದಾಮಿಯ ಪಕ್ಕದ ಬನಶಂಕರಿಗೆ ಬಂದವರಿಗೆಲ್ಲ ಅಲ್ಲಿನ ನಾಟಕ ಕಂಪನಿಗಳು ಗೊತ್ತು. ತೇರು ಎಳೆದು ಮುಗಿದರೂ ಕಂಪನಿಗಳ ಥೇಟರುಗಳು ವಾರಗಟ್ಟಲೆ ಅಲ್ಲೇ ಇರುತ್ತವೆ. ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದ ಜನ ಒಂದು ಆಟ ಮುಗಿಸಿ ಇನ್ನೊಂದಕ್ಕೆ ನುಗ್ಗುತ್ತಾರೆ, ಬೆಳಗಿನವರೆಗೂ ಹಾರ್ಮೋನಿಯಂ ನಿಲ್ಲುವುದಿಲ್ಲ. ನಾನು ಇಪ್ಪತ್ತು ವರ್ಷಗಳಿಂದ ಪ್ರತಿ ಜಾತ್ರೆಯಲ್ಲೂ ಕಲಾವಿದರ ಫೋಟೊ ತೆಗೆಯುತ್ತಿದ್ದೇನೆ. ಹಣಕ್ಕಾಗಿ ತೆಗೆದದ್ದಲ್ಲ. ಒಮ್ಮೊಮ್ಮೆ ಪೋಸ್ಟರಿಗೆಂದು ಒಂದಿಷ್ಟು ಕೊಡುತ್ತಾರೆ, ಬಹಳ ಸಲ ಚಹಾ ಕುಡಿಸುತ್ತಾರೆ. ಆದರೆ ನಾನು ತೆಗೆದ ಚಿತ್ರಗಳಲ್ಲಿ ನನ್ನ ನಂತರವೂ ಉಳಿಯಬೇಕಾದವು ಇವೇ ಎಂದು ನಂಬಿದ್ದೇನೆ. ಈ ಕಲಾವಿದರು ವರ್ಷದ ಹೆಚ್ಚು ದಿನ ಊರೂರು ತಿರುಗುತ್ತಾರೆ. ವೇಷದಲ್ಲಿ, ಮಾತಿನ ನಡುವೆ, ರಂಗದ ಬೆಳಕಿನಲ್ಲಿ ತೆಗೆದ ಒಂದು ಒಳ್ಳೆಯ ಚಿತ್ರ ಅವರಲ್ಲಿ ಹಲವರ ಬಳಿ ಇಲ್ಲ.

ಅಲ್ಲಿ ಫ್ಲ್ಯಾಶ್ ಹಾಕುವಂತಿಲ್ಲ. ಮಾತಿನ ಭರದಲ್ಲಿರುವ ನಟನ ಕಣ್ಣಿಗೆ ಮಿಂಚು ಹೊಡೆದರೆ ಮಾತು ತಪ್ಪುತ್ತದೆ, ಹಾಸ್ಯದ ಪೆಟ್ಟು ತಪ್ಪುತ್ತದೆ. ಎಫ್/4ರಲ್ಲಿ ನನ್ನ ಕ್ಯಾಮೆರಾದ ಐಎಸ್‌ಒ, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ, ಅದನ್ನು 6400ಕ್ಕೆ ಏರಿಸಿದರೂ ಸಿಗುತ್ತಿದ್ದ ಷಟರ್ ವೇಗ ನೂರರಲ್ಲಿ ಒಂದು ಸೆಕೆಂಡ್. ನಟ ಸುಮ್ಮನೆ ನಿಂತರೆ ಅಷ್ಟು ಸಾಕು. ಆದರೆ ಅವರು ಸುಮ್ಮನೆ ನಿಲ್ಲುವವರಲ್ಲ.

ಹೋದ ಜಾತ್ರೆಗೆ ಒಂದು ನಿರ್ಧಾರ ಮಾಡಿದೆ. ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ 24-70 ಎಫ್/2.8 ಲೆನ್ಸನ್ನು ದಿನಕ್ಕೆ 900 ರೂಪಾಯಿಯಂತೆ ಮೂರು ದಿನಕ್ಕೆ ಬಾಡಿಗೆಗೆ ತಂದೆ. ಕ್ಯಾನನ್ನಿನವರು 2012ರಲ್ಲಿ ಹೊರತಂದ ಎರಡನೆಯ ಆವೃತ್ತಿ ಅದು; ತೂಕ 805 ಗ್ರಾಂ, ಮುಂದಿನ ಫಿಲ್ಟರಿನ ಅಗಲ 82 ಮಿ.ಮೀ. ಕ್ಯಾಮೆರಾಕ್ಕೆ ಹಾಕಿ ಕಣ್ಣಿಟ್ಟ ಕೂಡಲೇ ರಂಗ ಬೆಳ್ಳಗೆ ಕಂಡಿತು. ನಮ್ಮ ಹಳೆಯ ಬಗೆಯ ಕ್ಯಾಮೆರಾಗಳಲ್ಲಿ ಫೋಟೊ ಎಷ್ಟರಲ್ಲಿ ತೆಗೆದರೂ ಕಣ್ಣಿಗೆ ಕಾಣುವುದು ಲೆನ್ಸ್ ಪೂರ್ತಿ ತೆರೆದಾಗಿನ ಬೆಳಕು. ಕತ್ತಲಲ್ಲಿ ಫೋಕಸ್ ಹುಡುಕಿ ಒದ್ದಾಡುವವನಿಗೆ ಅದೇ ಅರ್ಧ ಕೆಲಸ.

ಎರಡನೆಯ ರಾತ್ರಿಯ ಎರಡನೆಯ ಆಟ. ಮನೆಯಿಂದ ಹೊರಗೆ ಹಾಕಿದ ತಾಯಿಯ ಪಾತ್ರ. ದೀಪಗಳನ್ನೆಲ್ಲ ಆರಿಸಿ ಪಕ್ಕದಿಂದ ಒಂದೇ ಒಂದು ಬಲ್ಬಿನ ಬೆಳಕು ಬಿಟ್ಟಿದ್ದರು. ನಾನು ರಂಗದ ಬುಡದಲ್ಲಿ, ಹಾರ್ಮೋನಿಯಂ ಮಾಸ್ತರರ ಪಕ್ಕದಲ್ಲಿ ಮೊಣಕಾಲೂರಿದ್ದೆ. ಅದೇ 6400, ಆದರೆ ಈ ಸಲ ಇನ್ನೂರರಲ್ಲಿ ಒಂದು ಸೆಕೆಂಡ್. ಆಕೆ ಬಾಗಿಲ ಕಡೆಗೆ ತಿರುಗಿ, ಮಗ ಕರೆದನೆಂದು ಭ್ರಮಿಸಿ, ಸರಕ್ಕನೆ ಮುಖ ಹೊರಳಿಸಿದ ಗಳಿಗೆ. ಚಿತ್ರ ನಿಂತಿತ್ತು. ಮನೆಗೆ ಬಂದು ಪರದೆಯ ಮೇಲೆ ದೊಡ್ಡದು ಮಾಡಿದಾಗ ಕಣ್ಣಂಚಿನ ಕಾಡಿಗೆ ಕರಗಿ ಬಿಳಿ ಪೌಡರಿನ ಮೇಲೆ ಗೆರೆ ಎಳೆದದ್ದು ಕಂಡಿತು. ಮೇಲ್ತುಟಿಯ ಮೇಲೆ ಬೆವರಿನ ಸಣ್ಣ ಹನಿಗಳಿದ್ದವು. ಕೊರಳ ಕೆಳಗೆ ಖಣದ ಕುಪ್ಪಸ, ತೇರಿನ ವಿನ್ಯಾಸದ್ದು. ಅದರ ಎಳೆ ಎಳೆಯೂ ಬೇರೆಯಾಗಿ ಕಾಣುತ್ತಿತ್ತು. ತೋಳಿನ ಹತ್ತಿರ ಹರಿದಲ್ಲಿ ಅದೇ ಬಣ್ಣದ ನೂಲಿನಿಂದ ರಫು ಮಾಡಿದ್ದರು. ನೇಕಾರರ ಮನೆಯವನಾದ್ದರಿಂದ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಮರುದಿನ ಚಿತ್ರ ತೋರಿಸಿದಾಗ ಆಕೆ ಬಹಳ ಹೊತ್ತು ನೋಡಿ, ಆ ಕುಪ್ಪಸ ತಮ್ಮ ತಾಯಿಯದೆಂದೂ ಅವರೂ ರಂಗದವರೇ ಎಂದೂ ಹೇಳಿದರು. ಪ್ರಿಂಟ್ ಹಾಕಿಸಿ ಕೊಡಲು ಕೇಳಿದರು, ಒಂದಲ್ಲ, ಎರಡು.

ಅದೇ ಬಾಡಿಗೆಯ ಮೂರನೆಯ ದಿನ ಎರಡೂ ಲೆನ್ಸ್ ಹೊತ್ತು ಬಾದಾಮಿಯ ಗುಹೆಗಳಿಗೆ ಹೋದೆ. ಅಲ್ಲಿ ಪಾಠ ತಿರುಗುಮುರುಗಾಯಿತು. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಅನಂತನ ಮೇಲೆ ಕುಳಿತ ವಿಷ್ಣುವಿನ ಮುಂದೆ ನಿಂತರೆ ಕೆಂಪು ಮರಳುಗಲ್ಲಿನ ಮೇಲೆ ಬೀಳುವುದು ಹೊರಗಿನಿಂದ ತಿರುಗಿ ಬಂದ ಬೆಳಕು ಮಾತ್ರ. ಟ್ರೈಪಾಡ್ ನಿಲ್ಲಿಸಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನನ್ನ ಹಳೆಯ ಎಫ್/4 ಲೆನ್ಸಿನೊಳಗೆ ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ ಇದೆ; ಹತ್ತರಲ್ಲಿ ಒಂದು ಸೆಕೆಂಡಿನಷ್ಟು ನಿಧಾನವಾಗಿ, ಐಎಸ್‌ಒ 800ರಲ್ಲಿ ಕೈಯಲ್ಲೇ ಹಿಡಿದು ತೆಗೆದೆ, ಉಳಿಯ ಗುರುತುಗಳೂ ಮೂಡಿದವು. ಬಾಡಿಗೆಯ ಲೆನ್ಸಿನಲ್ಲಿ ಆ ವ್ಯವಸ್ಥೆ ಇಲ್ಲ. ಕೈ ಅಲುಗದಿರಲಿ ಎಂದು ವೇಗವನ್ನು ಎಂಬತ್ತರಲ್ಲಿ ಒಂದಕ್ಕೆ ಏರಿಸಬೇಕಾಯಿತು, ಅದಕ್ಕಾಗಿ ಐಎಸ್‌ಒ 3200ಕ್ಕೆ ಹೋಗಬೇಕಾಯಿತು, ಕಲ್ಲಿನ ಮೇಲೆ ಕಾಳುಕಾಳು ಬಂತು. ಕಲ್ಲಿನ ವಿಷ್ಣುವಿಗೆ ಅಗ್ಗದ ಲೆನ್ಸೇ ಮೇಲು, ಉಸಿರಾಡುವ ತಾಯಿಗೆ ದುಬಾರಿಯದು. ಕೈ ನಡುಕ ತಡೆಯುವ ವ್ಯವಸ್ಥೆ ನಮ್ಮ ಕೈಯನ್ನು ಹಿಡಿಯುತ್ತದೆ, ಎದುರಿನವರನ್ನು ಹಿಡಿಯಲಾರದು. ಹೊಸ ಎಫ್/2.8 ಲೆನ್ಸುಗಳಲ್ಲಿ ಕೆಲವಕ್ಕೆ ಅದೂ ಇದೆ, ಬೆಲೆಯೂ ಅದಕ್ಕೆ ತಕ್ಕಂತೆ ಇದೆ.

ಒಂದು ಕೊರತೆಯನ್ನೂ ಮುಚ್ಚಿಡಬಾರದು. ನಾಟಕದಲ್ಲಿ 70 ನನಗೆ ಮೋಟಾಯಿತು. ಮೂರನೆಯ ಸಾಲಿನಿಂದ 105ರಲ್ಲಿ ಸಿಗುತ್ತಿದ್ದ ಮುಖಕ್ಕಾಗಿ ಈಗ ರಂಗದ ಬುಡಕ್ಕೇ ಹೋಗಬೇಕು, ಇಲ್ಲವೇ ಆಮೇಲೆ ಕತ್ತರಿಸಿಕೊಳ್ಳಬೇಕು. ಕತ್ತರಿಸಿದರೆ ನನ್ನ ಕ್ಯಾಮೆರಾದ 20 ಮೆಗಾಪಿಕ್ಸೆಲ್‌ಗಳಲ್ಲಿ ಉಳಿಯುವುದು ಒಂಬತ್ತು. ಗೋಡೆಗೆ ಹಾಕುವ ಸಾಧಾರಣ ಪ್ರಿಂಟಿಗೆ ಅಷ್ಟು ಸಾಕು, ಫ್ಲೆಕ್ಸಿಗೂ ಸಾಕು.

ಇಷ್ಟೆಲ್ಲ ಆದ ಮೇಲೂ ನಾನು ಮನೆಯಲ್ಲಿ ಮಾತೆತ್ತಿದ್ದು ಮದುವೆಯ ಹೆಸರು ಹೇಳಿಯೇ. ಗಿರಾಕಿ ಹೆಚ್ಚುತ್ತಾರೆ, ಎರಡು ಹಂಗಾಮಿನಲ್ಲಿ ದುಡ್ಡು ಹುಟ್ಟುತ್ತದೆ ಎಂದೆ. ನನ್ನ ಹೆಂಡತಿ ಸ್ಟುಡಿಯೊದ ಲೆಕ್ಕ ಬರೆಯುವವಳು. ಮಗಳು ಮಾಡಿದ ಪಟ್ಟಿಯನ್ನು ಅವಳೂ ನೋಡಿದ್ದಳು. ‘ಮದುವೆಗೆ ಬೇಡವೆಂದು ನೀವೇ ಎಣಿಸಿದ್ದೀರಿ. ನಾಟಕಕ್ಕೆ ಬೇಕಾಗಿದ್ದರೆ ನಾಟಕಕ್ಕೆಂದೇ ಹೇಳಿ. ನಾಟಕಕ್ಕೆ ಎಷ್ಟು ಕೊಡಬಲ್ಲೆವು ಎಂದು ನೋಡೋಣ’ ಎಂದಳು. ಆ ಮಾತಿನಿಂದ ನನ್ನ ತಲೆಯ ಗೊಂದಲ ಇಳಿಯಿತು. ದುಡಿಮೆಗಾಗಿ ಎಂದುಕೊಂಡರೆ ಸಾಲ ಸರಿ ಎನ್ನಿಸುತ್ತದೆ. ಮನಸ್ಸಿನ ಕೆಲಸಕ್ಕೆ ಎಂದು ಒಪ್ಪಿಕೊಂಡರೆ ಕೈಯಲ್ಲಿರುವ ಹಣದ ಅಳತೆ ಕಾಣುತ್ತದೆ. ನಮ್ಮ ಕೈಯಲ್ಲಿದ್ದುದು 65,000 ರೂಪಾಯಿ.

ಅಷ್ಟರಲ್ಲಿ ಹೊಸದು ಬರುವುದಿಲ್ಲ. ಹಳೆಯದನ್ನು ಕೊಳ್ಳಲು ನನಗೆ ಅಂಜಿಕೆ ಇತ್ತು, ಕಾರಣವೂ ಇತ್ತು. 2014ರಲ್ಲಿ ದೊಡ್ಡ ಊರಿನ ಒಂದು ಅಂಗಡಿಯಿಂದ ಹಳೆಯ ಲೆನ್ಸ್ ತಂದಿದ್ದೆ. ಹೊರಗಿನಿಂದ ಕನ್ನಡಿಯಂತೆ ಹೊಳೆಯುತ್ತಿತ್ತು. ಮೊದಲ ಮಳೆಗಾಲದಲ್ಲೇ ಚಿತ್ರಗಳು ಮಂಕಾದವು, ದೀಪದ ಸುತ್ತ ಮಂಜು ಕಟ್ಟಿದಂತೆ. ಬಿಚ್ಚಿಸಿ ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಫಂಗಸ್. ತೊಳೆಸಿದೆ, ಬಲೆ ಹೋಯಿತು, ಗಾಜಿನ ಲೇಪನದ ಮೇಲೆ ಅದರ ಗುರುತು ಉಳಿಯಿತು. ಅಂಗಡಿಯವರು ಬಿಲ್ಲೇ ಕೊಟ್ಟಿರಲಿಲ್ಲ, ಕೇಳುವುದು ಯಾರನ್ನು? ಆಗ ಕಲಿತದ್ದನ್ನು ಆ ಇಬ್ಬರು ಹುಡುಗರಿಗೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆಸಿ ಒಂದು ಬದಿಯಿಂದ ಮೊಬೈಲಿನ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಬೇಕು. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ, ಎಳೆ ಎಳೆಯಾಗಿ ಹಬ್ಬಿದ್ದರೆ ಬಿಟ್ಟುಬಿಡಬೇಕು. ಜೂಮ್ ಬಳೆ ತಿರುಗಿಸುವಾಗ ಎಲ್ಲಿಯೂ ಕರಕರ ಎನ್ನಬಾರದು, ಕೆಳಮುಖ ಹಿಡಿದಾಗ ಕೊಳವೆ ತಾನಾಗಿ ಜಾರಬಾರದು. ಫಿಲ್ಟರ್ ಹಾಕುವ ಅಂಚು ತಗ್ಗಾಗಿದ್ದರೆ ಅದು ಎಂದೋ ಬಿದ್ದದ್ದು. ಬಿದ್ದ ಜೂಮಿನಲ್ಲಿ ಚಿತ್ರದ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕಾಗಿ ಬರುವುದುಂಟು. ಅದಕ್ಕೇ ಇಟ್ಟಿಗೆಯ ಗೋಡೆಯೊಂದನ್ನು ನೇರವಾಗಿ ಎದುರು ನಿಂತು ಎಫ್/2.8ರಲ್ಲೇ ತೆಗೆದು ನಾಲ್ಕೂ ಮೂಲೆ ನೋಡಬೇಕು. ಕೊಂಡ ಮೇಲೆ ಚರ್ಮದ ಚೀಲದಲ್ಲಿ ಇಡಬಾರದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು.

ಮೂವರು ಸೇರಿ ಕೊಳ್ಳೋಣವೆಂದು ಕೆರೂರಿನ ಒಬ್ಬರೊಡನೆ ಮತ್ತು ಬಾದಾಮಿಯ ಒಬ್ಬರೊಡನೆ ಮಾತಾಡಿಯೂ ನೋಡಿದೆ. ಒಬ್ಬೊಬ್ಬರಿಗೆ ಇಪ್ಪತ್ತು ಸಾವಿರದ ಲೆಕ್ಕ, ಎಲ್ಲರಿಗೂ ಒಪ್ಪಿಗೆಯಾಯಿತು. ಆಮೇಲೆ ಪಂಚಾಂಗ ತೆಗೆದೆವು. ಮೂವರಿಗೂ ಮದುವೆ ಇರುವುದು ಅವೇ ದಿನಗಳಲ್ಲಿ. ಹೋದ ವೈಶಾಖದ ಒಂದೇ ಮುಹೂರ್ತಕ್ಕೆ ನನಗೇ ಎರಡು ಮದುವೆ ಬಂದಿದ್ದವು. ಬೇಕಾದ ದಿನ ಎಲ್ಲರಿಗೂ ಬೇಕು, ಬೇಡವಾದ ದಿನ ಯಾರಿಗೂ ಬೇಡ. ಪಾಲಿನ ಮಾತನ್ನು ಅಲ್ಲಿಗೇ ಬಿಟ್ಟೆವು, ಮನಸ್ತಾಪವಿಲ್ಲದೆ.

ಕೊನೆಗೆ ಹೋದ ತಿಂಗಳು ಹುಬ್ಬಳ್ಳಿಯ ಹಿರಿಯ ಛಾಯಾಗ್ರಾಹಕರೊಬ್ಬರು ಹೊಸ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋಗುತ್ತ ತಮ್ಮ ಲೆನ್ಸ್ ಮಾರುವುದಾಗಿ ತಿಳಿಯಿತು. ನಾನು ಬಾಡಿಗೆಗೆ ತಂದಿದ್ದ ಅದೇ ಆವೃತ್ತಿ. ಬಿಲ್ ಇದೆ, ಡಬ್ಬಿ ಇದೆ, 62,000 ಹೇಳಿದರು. ನಾನು ಕ್ಯಾಮೆರಾ, ಟಾರ್ಚ್ ಎರಡೂ ಹಿಡಿದು ಹೋದೆ. ಅವರು ಬೇಸರಿಸದೆ ಒಂದು ಗಂಟೆ ಎದುರಿಗೆ ಕುಳಿತು, ತಮ್ಮ ಮನೆಯ ಕಾಂಪೌಂಡ್ ಗೋಡೆಯನ್ನೇ ತೋರಿಸಿದರು. ಐದು ಸಾವಿರ ಮುಂಗಡ ಕೊಟ್ಟು ಬಂದಿದ್ದೇನೆ. ಮುಂದೆ ನಾನೂ ಆ ಕಂಪನಿಯ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋದರೆ ಒಂದು ಅಡಾಪ್ಟರ್ ಹಾಕಿ ಇದೇ ಲೆನ್ಸನ್ನು ಬಳಸಬಹುದು. 24-105 ಅನ್ನು ಮಾರುವುದಿಲ್ಲ. ಮದುವೆ ಅದರದು, ಬಾದಾಮಿಯೂ ಅದರದು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದೆ ಇಂಥ ಲೇಖನ ಪ್ರಕಟಿಸುವಾಗ ಅನಿವಾರ್ಯ ಎಂಬ ಮಾತನ್ನು ದಯವಿಟ್ಟು ತೂಗಿ ಬಳಸಿ. ಬಾಡಿಗೆಗೆ ತಂದು ನೋಡುವುದು, ಹಳೆಯದನ್ನು ಪರೀಕ್ಷಿಸುವುದು, ಆಷಾಢದ ಕಂತು ಕಟ್ಟುವುದು, ಇವುಗಳ ಬಗ್ಗೆಯೂ ಒಂದು ಪುಟ ಕೊಡಿ. ನಮ್ಮ ಜಿಲ್ಲೆಯ ಛಾಯಾಗ್ರಾಹಕರ ಸಂಘಗಳಿಗೂ ಒಂದು ಮಾತು: ಬಾಗಲಕೋಟೆಯಲ್ಲೇ ಇಂಥ ಮೂರು ನಾಲ್ಕು ಲೆನ್ಸ್ ಇಟ್ಟು ಸದಸ್ಯರಿಗೆ ಬಾಡಿಗೆಗೆ ಕೊಟ್ಟರೆ ಹುಬ್ಬಳ್ಳಿಯ ಬಸ್ಸು ತಪ್ಪುತ್ತದೆ, ಎಷ್ಟೋ ಸಾಲಗಳೂ ತಪ್ಪುತ್ತವೆ. ಮದುವೆಯ ಮನೆಯವರು ಲೆನ್ಸಿನ ಹೆಸರು ಕೇಳುವ ಬದಲು ಯಾವುದಾದರೂ ಒಂದು ಮದುವೆಯ ಆಲ್ಬಮ್ಮನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತೋರಿಸಲು ಕೇಳಲಿ. ಆಯ್ದ ಹತ್ತು ಚಿತ್ರ ಯಾರೂ ತೋರಿಸಬಹುದು.

ಬನದ ಹುಣ್ಣಿಮೆಗೆ ಇನ್ನು ಐದು ವಾರಗಳಿವೆ. ಅಷ್ಟರೊಳಗೆ ಉಳಿದ ಹಣ ಕೊಟ್ಟು ಲೆನ್ಸ್ ತರುತ್ತೇನೆ. ನಮ್ಮ ತಾಲ್ಲೂಕಿನ ಯಾವ ಹುಡುಗನೇ ಆಗಲಿ, ಇದಕ್ಕಾಗಿ ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಗುಳೇದಗುಡ್ಡದ ಬಜಾರಿಗೆ ಬರಲಿ. ತನ್ನ ಹಿಂದಿನ ಹಂಗಾಮಿನ ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ತರಲಿ, ಮಗಳು ಪಟ್ಟಿ ಮಾಡಿಕೊಡುತ್ತಾಳೆ. ಕ್ಯಾನನ್ ಕ್ಯಾಮೆರಾ ಇದ್ದವನು ಅದನ್ನೂ ತರಲಿ, ದೀಪ ಹಚ್ಚುವ ಹೊತ್ತಿಗೆ ಬರಲಿ. ಲೆನ್ಸನ್ನು ಅವನ ಕೈಗೆ ಕೊಡುತ್ತೇನೆ, ಬಜಾರಿನ ಬೆಳಕಿನಲ್ಲಿ ಒಂದು ತಾಸು ತೆಗೆದು ನೋಡಲಿ. ಮುಹೂರ್ತದ ದಿನಗಳನ್ನು ಬಿಟ್ಟು ಯಾವ ಸಂಜೆಯಾದರೂ ಸರಿ.

ಇಂತಿ ನಿಮ್ಮ ಓದುಗ,
ಒಬ್ಬ ಸ್ಟುಡಿಯೊ ಛಾಯಾಗ್ರಾಹಕ
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ